ಒತ್ತಿ ಹಾಕಿದ ರುಜು

ರುಜುವಿನ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ರಾಮಾಂಜಿನಪ್ಪನ ಕೈಯೊಳಗೆ ಏನೋ ಸಡಿಲವಾದಂತಾಯಿತು. ಒಂದು ಗೆರೆ ಬೀಳಬೇಕಾದ ಕಡೆ ಎರಡು ಗೆರೆ ಬಿತ್ತು, ಎರಡರ ನಡುವೆ ಶಾಯಿ ಹನಿಯಾಗಿ ನಿಂತುಕೊಂಡಿತು. ಸೊಸೈಟಿಯ ಸೆಕ್ರೆಟರಿ ನರಸಿಂಹಯ್ಯ ಬ್ಲಾಟಿಂಗ್ ಪೇಪರು ಒತ್ತಿ ಹನಿಯನ್ನು ಹೀರಿಸಿ, ಕೆಳಗಿನ ಕಾರ್ಬನ್ ಹಾಳೆಗಳನ್ನು ಎತ್ತಿ ನೋಡಿ, "ಭೇಷ್, ಮೂರನೇ ಕಾಪಿಗೂ ಬಿದ್ದೈತೆ. ನೇಗಿಲು ಹಿಡಿದ ಕೈ ಅಂದ್ರೆ ಸುಮ್ನೇನಾ" ಎಂದ. ಬೆಂಚಿನ ಮೇಲಿದ್ದ ಮೆಂಬರುಗಳು ನಕ್ಕರು. ರಾಮಾಂಜಿನಪ್ಪನೂ ನಕ್ಕ. ನಗುತ್ತಲೇ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ನಿಬ್ಬನ್ನು ನೋಡುವ ಧೈರ್ಯ ಆಗಲಿಲ್ಲ. ದನದ ಹಿಂಡಿ ಮೂಟೆ ಯಾರಿಗೆ ಎಷ್ಟು ಎಂಬ ಮಾತು ನಡೆಯುತ್ತಿತ್ತು, ಅವನು ಹೂಂ ಹೂಂ ಅನ್ನುತ್ತ ಕೂತಿದ್ದ, ಎದೆಯ ಮೇಲೆ ಜೇಬಿನ ಜಾಗ ಮಾತ್ರ ಬಿಸಿಯಾಗುತ್ತಿತ್ತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ದೇವನಹಳ್ಳಿಯಲ್ಲಿ ಮಗಳು ಅನುಸೂಯ ಈ ಪೆನ್ನಿನಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬೇಕಾಗಿತ್ತು.

ತಪ್ಪು ಯಾರದು ಎಂದು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ನರಸಿಂಹಯ್ಯ ಮೊದಲೇ ನೇರಳೆ ಬಣ್ಣದ ಪೆನ್ಸಿಲ್ ಮುಂದೆ ಇಟ್ಟು, "ಕೆಳಗೆ ಕಾರ್ಬನ್ ಐತೆ, ಇದ್ರಲ್ಲೇ ಒತ್ತಿ ಹಾಕ್ಬಿಡಿ" ಎಂದಿದ್ದ. ಉಳಿದವರೆಲ್ಲ ಅದರಲ್ಲೇ ಹಾಕಿದ್ದರು. ಹೆಬ್ಬೆಟ್ಟಿನ ಪಿಳ್ಳಣ್ಣ ಮಾತ್ರ ಹೆಬ್ಬೆಟ್ಟೊತ್ತಿ ಬೆರಳನ್ನು ಕಂಬಕ್ಕೆ ಒರೆಸಿದ್ದ. ತನ್ನ ಸರದಿ ಬಂದಾಗ ರಾಮಾಂಜಿನಪ್ಪ, "ನನ್ನ ಹತ್ರಾನೇ ಪೆನ್ನೈತಲ್ಲ" ಎಂದು ಜೇಬಿಗೆ ಕೈ ಹಾಕಿದ್ದ. ಅಷ್ಟು ಹೇಳುವುದಕ್ಕಾಗಿಯೇ ಅವನು ಪೆನ್ನು ತಂದಿದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬಿಳಿ ಷರಟಿನ ಜೇಬಿನಲ್ಲಿ ಪೆನ್ನಿನ ಹಿತ್ತಾಳೆ ಕ್ಲಿಪ್ಪು ಹೊಳೆಯುತ್ತಿದ್ದರೆ ಬಸ್ಸಿನ ಕಂಡಕ್ಟರೂ "ಬನ್ನಿ ಸ್ವಾಮಿ" ಅನ್ನುತ್ತಾನೆ, ತಾಲ್ಲೂಕು ಕಚೇರಿಯ ಜವಾನ ಕೂಡ ಬಾಗಿಲಲ್ಲಿ ಅಡ್ಡ ನಿಲ್ಲುವುದಿಲ್ಲ. ಮೀಟಿಂಗಿನ ದಿನ ಮಗಳನ್ನು ಕೇಳಿ ತರುತ್ತಿದ್ದ. ಹೋದ ವಾರ ಅವಳು, "ಪರೀಕ್ಷೆ ಮುಗಿಯೋಗಂಟ ನನ್ನ ಪೆನ್ನು ಮುಟ್ಬ್ಯಾಡಪ್ಪಾ" ಎಂದು ಸ್ಪಷ್ಟವಾಗಿ ಹೇಳಿದ್ದಳು. ಎರಡು ವರ್ಷ ಬರೆದು ಬರೆದು ನಿಬ್ಬು ಅವಳ ಕೈಗೆ ಪಳಗಿತ್ತು. ಬಾಲ್ ಪೆನ್ನಿನಲ್ಲಿ ಬರೆದ ಪೇಪರನ್ನು ಪರೀಕ್ಷಕರು ಮುಟ್ಟುವುದೇ ಇಲ್ಲ ಎಂದು ಅವರ ಹೆಡ್‌ಮಾಸ್ತರು ಹೆದರಿಸಿ ಕಳಿಸಿದ್ದರು. ಇವತ್ತು ಬೆಳಿಗ್ಗೆ ಅವಳು ಬಚ್ಚಲಿನಲ್ಲಿದ್ದಾಗ ರಾಮಾಂಜಿನಪ್ಪ ಅವಳ ಚೀಲಕ್ಕೆ ಕೈ ಹಾಕಿದ. ಎರಡು ಗಂಟೆಯ ಮಾತು, ಮತ್ತೆ ಇಟ್ಟರಾಯಿತು ಅಂದುಕೊಂಡ. ನಲವತ್ತೆರಡು ವರ್ಷದ ಗಂಡಸು, ಮನೆ ಯಜಮಾನ, ಹೆತ್ತ ಮಗಳ ಚೀಲದಿಂದ ಕದ್ದ. ಈಗ ಆ ಮಾತನ್ನು ತನಗೆ ತಾನೇ ಹೇಳಿಕೊಂಡರೆ ಕಿವಿ ಕಾಯುತ್ತಿತ್ತು.

ಮೀಟಿಂಗು ಮುಗಿದ ಮೇಲೆ ಹುಣಸೆ ಮರದ ಮರೆಗೆ ಹೋಗಿ ಮುಚ್ಚಳ ತೆಗೆದು ನೋಡಿದ. ನಿಬ್ಬಿನ ತುದಿ ಕಾಗೆಯ ಬಾಯಿ ತೆರೆದ ಹಾಗೆ ಎರಡಾಗಿ ನಿಂತಿತ್ತು. ಉಗುರಿನಿಂದ ಒತ್ತಿದ; ಒಂದು ಮೇಲಾಯಿತು, ಇನ್ನೊಂದು ಕೆಳಗಾಯಿತು. ಬೆರಳೆಲ್ಲ ನೀಲಿ. ಮನೆಗೆ ಹೋಗಿ ಹೇಳಿಬಿಡುವುದು ಒಂದು ದಾರಿ, ಮೂರು ಮೈಲಿಯಾಚೆ ವಿಜಯಪುರಕ್ಕೆ ಹೋಗಿ ಹೊಸ ನಿಬ್ಬು ಹಾಕಿಸಿ ಚೀಲದಲ್ಲಿಟ್ಟುಬಿಡುವುದು ಇನ್ನೊಂದು. ಬಸ್ಸಿಗೆ ಕಾಯುವಷ್ಟು ಸಮಾಧಾನವಿಲ್ಲದೆ ಬಿಸಿಲಲ್ಲಿ ನಡೆದೇಬಿಟ್ಟ. ನಡೆಯುತ್ತ ಕೈ ಗಾಳಿಯಲ್ಲೇ ರುಜುವಿನ ಸುತ್ತು ಹಾಕುತ್ತಿತ್ತು. ಅದು ಅವನಿಗೆ ಬರುತ್ತಿದ್ದ ಒಂದೇ ಬರಹ. ಸೊಸೈಟಿ ಮೆಂಬರಾದ ವರ್ಷ, ಹೆಬ್ಬೆಟ್ಟಿನವರನ್ನು ಕಂಡು ಎಲ್ಲರೂ ನಗುವುದನ್ನು ನೋಡಿ, ಹೊಲದ ಬದುವಿನಲ್ಲಿ ಕಡ್ಡಿ ಹಿಡಿದು ತಿಂಗಳುಗಟ್ಟಲೆ ಮಣ್ಣಿನ ಮೇಲೆ ತೀಡಿ ಕಲಿತದ್ದು. ಹೆಂಡತಿ ಮುನಿವೆಂಕಟಮ್ಮ ಬಾಗಿಲಲ್ಲಿ ರಂಗೋಲಿ ಎಳೆಯುವಂತೆ ಅವನು ಹೆಸರು ಎಳೆಯುತ್ತಿದ್ದ. ಯಾವ ಸುತ್ತು ರಾ, ಯಾವುದು ಮಾಂ ಎಂದು ಬಿಡಿಸಿ ಕೇಳಿದರೆ ತಿಳಿಯದು. ಆದರೆ ರುಜು ಹಾಕುವವನಿಗೆ ಓದಲು ಬರುತ್ತದೆ ಎಂದು ಲೋಕ ತಾನಾಗಿಯೇ ನಂಬಿಬಿಡುತ್ತದೆ, ಇವನು ಇಲ್ಲ ಅನ್ನಲಿಲ್ಲ. ಹೋಟೆಲಿನಲ್ಲಿ ಪೇಪರು ಹಿಡಿದು, ಪಕ್ಕದವನು ಗಟ್ಟಿಯಾಗಿ ಓದುವ ತನಕ ತಲೆದೂಗುತ್ತ ಕೂರುವುದು. ಅನುಸೂಯ ಪ್ರೋಗ್ರೆಸ್ ರಿಪೋರ್ಟು ತಂದರೆ ಮೇಲಿಂದ ಕೆಳಕ್ಕೆ ಕಣ್ಣಾಡಿಸಿ, "ಲೆಕ್ಕದಾಗೆ ಇನ್ನೊಸಿ ಗಮನ ಕೊಡಮ್ಮ" ಅನ್ನುವುದು. ಯಾವ ಮಗುವಿಗೆ ಲೆಕ್ಕದಲ್ಲಿ ಇನ್ನೊಸಿ ಗಮನ ಬೇಡ? ಆ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ.

ಆದಿನಾರಾಯಣಪ್ಪನ ಅಂಗಡಿಯಲ್ಲಿ ಸ್ಲೇಟು, ಬಳಪ, ಶಾಯಿ ಬುಡ್ಡಿ, ಕಂಪಾಸ್ ಪೆಟ್ಟಿಗೆಗಳ ನಡುವೆ ಮಕ್ಕಳು ಮುತ್ತಿಕೊಂಡಿದ್ದರು. ನಾಳೆಯ ಪರೀಕ್ಷೆಗೆ ಊರೆಲ್ಲ ಇವತ್ತೇ ಎಚ್ಚೆತ್ತಂತೆ ಕಂಡಿತು. ಒಬ್ಬ ತಂದೆ ಮಗನ ಪಟ್ಟಿಯನ್ನು ಓದಿ ಓದಿ ಒಂದೊಂದೇ ಸಾಮಾನು ಆರಿಸುತ್ತಿದ್ದ. ಸ್ಕೇಲಿನ ಅಂಚು ನೆಟ್ಟಗಿದೆಯೇ ಎಂದು ಕಣ್ಣಿಗೆ ಹಿಡಿದು ನೋಡುತ್ತಿದ್ದ. ರಾಮಾಂಜಿನಪ್ಪ ಅವನು ಹೋಗುವ ತನಕ ಪಕ್ಕಕ್ಕೆ ನಿಂತ. ಇಷ್ಟು ವರ್ಷದಲ್ಲಿ ತಾನು ಅನುಸೂಯಳ ಜೊತೆ ಈ ಅಂಗಡಿಗೆ ಒಂದು ಸಲವೂ ಬಂದಿರಲಿಲ್ಲ. ಪಟ್ಟಿ ನನ್ನ ಕೈಗೆ ಕೊಟ್ಟುಬಿಟ್ಟರೆ ಎಂಬ ಭಯಕ್ಕೆ, ದುಡ್ಡು ಅವಳ ಕೈಗಿಟ್ಟು, "ನಿಂಗೆ ಏನು ಬೇಕೋ ನಿಂಗೇ ಗೊತ್ತು" ಎಂದು ದೊಡ್ಡತನ ತೋರಿಸುತ್ತಿದ್ದ.

"ನಿಬ್ಬು ಕೊಡ್ತೀನಿ, ಯಾವ ಕಂಪನಿ?" ಎಂದ ಆದಿನಾರಾಯಣಪ್ಪ. "ನಿಬ್ಬಿನ ಮೇಲೇ ಬರ್ದಿರ್ತದೆ, ಓದಿ."

ರಾಮಾಂಜಿನಪ್ಪ ನಿಬ್ಬನ್ನು ಕಣ್ಣ ಹತ್ತಿರ ಹಿಡಿದ, ದೂರ ಹಿಡಿದ. "ಕನ್ನಡಕ ಮನ್ಯಾಗೆ ಬಿಟ್ಬಂದೆ" ಎಂದ. ಅವನಿಗೆ ಕನ್ನಡಕ ಇರಲಿಲ್ಲ.

ಅಂಗಡಿಯವನು ಕಸಿದುಕೊಂಡು ನೋಡಿ, "ಇಂಗೆ ಯಾರು ಕುಲ್ಗೆಡ್ಸಿದ್ರು ಇದನ್ನ? ಉಳೋಕೆ ಹೋಗಿದ್ರಾ?" ಎಂದ. ಮಕ್ಕಳು ಕಿಸಕ್ಕನೆ ನಕ್ಕರು. ಹೊಸ ನಿಬ್ಬು ಸಿಕ್ಕಿಸಿ, ರಟ್ಟಿನ ತುಂಡೊಂದನ್ನು ಮುಂದೆ ನೂಕಿ, "ಬರ್ದು ನೋಡಿ" ಎಂದ. ರಾಮಾಂಜಿನಪ್ಪ ಅಷ್ಟು ಮಕ್ಕಳ ಮುಂದೆ ಬಗ್ಗಿ ತನ್ನ ಹೆಸರು ಎಳೆದ. ನಿಬ್ಬು ಕರಕರ ಎಂದಿತು, ಅಲ್ಲಲ್ಲಿ ನಿಂತಿತು.

"ಹೊಸ್ದು ಹಂಗೇನೆ. ಒಂದು ನಾಕು ದಿನ ಬರ್ದ್ರೆ ಬೆಣ್ಣೆ ಆಯ್ತದೆ."

"ನಾಳೆ ಪರೀಕ್ಷೆ."

"ನಾಳೇನಾ? ಹಂಗಾದ್ರೆ ಇವತ್ತೆಲ್ಲ ಕುಂತು ಸವೆಸ್ಬೇಕು. ಏನಾನಾ ಬರೀರಿ, ಒಂದು ನಲವತ್ತು ಪುಟ. ನಿಮ್ ಮಗೀನ ಕೈಲಿ ಬರ್ಸಬ್ಯಾಡಿ, ಕೈ ಸೋತೋಯ್ತದೆ. ನೀವೇ ಬರೀರಿ."

ನೀವೇ ಬರೀರಿ. ಅಂಗಡಿಯಿಂದ ಇಳಿದವನ ಹಿಂದೆಯೇ ಆ ಮಾತು ಬಂತು. ಬಸ್‌ಸ್ಟ್ಯಾಂಡಿಗೆ ನೇರ ದಾರಿ ರೇಷ್ಮೆ ನೂಲು ಬಿಚ್ಚುವವರ ಬೀದಿಯಲ್ಲಿತ್ತು. ಬೆಂದ ಗೂಡಿನ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವನಿಗೆ ಎಚ್ಚರವಾದದ್ದು, ಅಷ್ಟರಲ್ಲಿ ಹಿರಿ ಮಗಳು ಭಾಗ್ಯಮ್ಮ ಎದುರಿಗೇ ಬರುತ್ತಿದ್ದಳು, ಕಂಕುಳಲ್ಲಿ ಗೂಡಿನ ಮಂಕರಿ. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಇದೇ ಬೀದಿಗೆ. ರಾಮಾಂಜಿನಪ್ಪ ನಿಂತಿದ್ದ ಎತ್ತಿನ ಗಾಡಿಯ ಮರೆಗೆ ಸರಿದ. ಯಾಕೆ ಸರಿದೆ? ಮಾತಾಡಿಸಿದ್ದರೆ, "ಏನಪ್ಪಾ ಬಿಸ್ಲಲ್ಲಿ ಬಂದೆ, ಊಟ ಮಾಡ್ಕೊಂಡು ಹೋಗು" ಅನ್ನುತ್ತಿದ್ದಳು, ಅಷ್ಟೇ. ಅವಳು ಎಂದೂ ಒಂದು ಕೊಂಕು ಮಾತು ಆಡಿದವಳಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂದವರೂ ಇಲ್ಲ. ಮಂಕರಿ ಹಿಡಿದ ಅವಳ ಬೆರಳುಗಳು ದಿನವಿಡೀ ಬಿಸಿನೀರಿನಲ್ಲಿ ಗೂಡು ತಿರುವಿ ಬಿಳುಚಿ ನೆನೆದ ಕಡಲೆಯಂತಾಗಿದ್ದವು. ಏಳನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೆ ಮೊದಲು ಬಂದವಳು. ಆಗ ಹೈಸ್ಕೂಲಿಗೆ ಬಸ್ಸು ಇರಲಿಲ್ಲ. ಊರಿನ ಸ್ಕೂಲಿನಲ್ಲಿದ್ದ ರುಕ್ಮಿಣಮ್ಮ ಮೇಡಮ್ಮು ಬೇಸಿಗೆ ರಜೆಯಲ್ಲಿ ದೇವನಹಳ್ಳಿಗೆ ಹೋಗಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಇದೆಯೇ ಎಂದು ಕೇಳಿ ನಿಮಗೆ ಕಾಗದ ಬರೆಯುತ್ತೇನೆ ಎಂದಿದ್ದರು. ಕಾಗದ ಬಂತು. ಅಂಚೆಯವನು ಅದನ್ನು ಅರಳಿಕಟ್ಟೆಯಲ್ಲಿ ಹತ್ತು ಜನರ ಎದುರಿಗೆ ಇವನ ಕೈಗಿಟ್ಟ. "ಏನಂತೆ, ಓದು ರಾಮಾಂಜಿ" ಎಂದರು. ಲಕೋಟೆ ಒಡೆದ. ಎರಡು ಹಾಳೆ, ತುಂಬ ನೀಲಿ ಸಾಲು. ಓದುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದ. ಆಮೇಲೆ, "ಸೀಟಿಲ್ವಂತೆ" ಎಂದ.

ಯಾಕೆ ಹಾಗೆಂದ? ಇದೆ ಅಂದರೆ ಯಾವತ್ತು, ಎಲ್ಲಿ, ಏನೇನು ತರಬೇಕು ಎಂದು ಎಲ್ಲ ಕೇಳುತ್ತಿದ್ದರು. ಇಲ್ಲ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಗುಟ್ಟಾಗಿ ಯಾರಿಂದಲಾದರೂ ಓದಿಸಿಕೊಂಡರಾಯಿತು ಎಂದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಮುಟ್ಟಿತ್ತು. ಭಾಗ್ಯ ಒಲೆ ಮುಂದೆ ಕೂತು ಅಳುತ್ತಿದ್ದಳು. ಅಪ್ಪ ಓದಿದ ಕಾಗದವನ್ನು ತಾನೂ ಓದಬೇಕು ಎಂದು ಕೇಳುವ ಹುಡುಗಿಯಲ್ಲ ಅವಳು. ಅವನು ಅದನ್ನು ಹೊಲದ ಪತ್ರಗಳ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮೇಡಮ್ಮಿಗೆ ಆ ಬೇಸಿಗೆಯಲ್ಲೇ ವರ್ಗವಾಯಿತು. ಮುಂದಿನ ವರ್ಷ ಮದುವೆ. ಐದು ವರ್ಷದಿಂದ ಅವನು ಆ ಕಾಗದವನ್ನು ಯಾರಿಂದಲೂ ಓದಿಸಿಲ್ಲ. ಅದರಲ್ಲಿ ಸೀಟಿಲ್ಲ ಎಂದೇ ಇರಬಹುದು. ಇರಬಹುದು. ಕೆಲವು ದಿನ ಇರಲೇಬೇಕು ಅನ್ನಿಸುತ್ತದೆ, ಕೆಲವು ದಿನ ಇಲ್ಲ ಅನ್ನುವುದಕ್ಕೆ ಎರಡು ಹಾಳೆ ಯಾಕೆ ಬೇಕು ಅನ್ನಿಸುತ್ತದೆ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ನಡುಮನೆಯಲ್ಲಿ ಅನುಸೂಯ ಎಂದಿನಂತೆ ಗಟ್ಟಿಯಾಗಿ ಪಾಠ ಉರು ಹೊಡೆಯುತ್ತಿದ್ದಳು. ಬೀದಿಯ ತಿರುವಿನಿಂದಲೇ ಅವಳ ದನಿ ಕೇಳುತ್ತಿತ್ತು. ಪೆನ್ನಿನ ವಿಚಾರ ಇನ್ನೂ ತಿಳಿದಂತಿರಲಿಲ್ಲ. ರಾಮಾಂಜಿನಪ್ಪ ಒಳಗೆ ಹೋಗದೆ, ಹಳೇ ನೋಟುಬುಕ್ಕೊಂದನ್ನು ಜಗಲಿಯ ಅಟ್ಟಣಿಗೆಯಿಂದ ಎಳೆದುಕೊಂಡು ಗೋಡೆಯಾಚೆಯ ಕೊಟ್ಟಿಗೆಗೆ ನುಗ್ಗಿದ. ಗೋದಲಿಯ ಅಂಚಿನ ಮೇಲೆ ಪುಸ್ತಕ ಇಟ್ಟು ಹೆಸರು ಬರೆದ. ಕೆಳಗೆ ಮತ್ತೊಂದು ಹೆಸರು. ಕರಕರ. ಒಂದು ಪುಟ ತುಂಬಿತು, ಎರಡು ತುಂಬಿದವು. ಹೆಬ್ಬೆರಳು ನೋಯತೊಡಗಿತು, ಬೆವರು ಹಾಳೆಯ ಮೇಲೆ ಬಿದ್ದು ಹೆಸರುಗಳು ಕದಡಿದವು. ಎಮ್ಮೆ ಮೂಸಿ ನೋಡಿ ಉಸಿರುಬಿಟ್ಟಿತು. ಹಾಲು ಕರೆಯಲು ಬಂದ ಮುನಿವೆಂಕಟಮ್ಮ ಬಾಗಿಲಲ್ಲೇ ನಿಂತು, "ಏನಿದು, ಯಾರಿಗೆ ಬರ್ಕೊಡ್ತಿದೀಯ ಆಸ್ತಿನೆಲ್ಲ?" ಎಂದು ನಕ್ಕಳು. "ಸುಮ್ಕೆ ಹೋಗೇ" ಎಂದು ಗದರಿಸಿದ. ಅವಳು ಒಳಗೆ ಹೋಗಿ ಏನು ಹೇಳಿದಳೋ, ಉರು ಹೊಡೆಯುವ ದನಿ ನಿಂತಿತು. ಅನುಸೂಯ ಬಂದಳು. ಮೊದಲು ಪೆನ್ನು ನೋಡಿದಳು, ಆಮೇಲೆ ಅಪ್ಪನ ನೀಲಿ ಬೆರಳು.

"ನನ್ ಪೆನ್ನು."

"ಮೀಟಿಂಗಿಗೆ ತಗಂಡೋಗಿದ್ದೆ ಕಣಮ್ಮ. ಒತ್ತಿ ಹಾಕ್ಬಿಟ್ಟೆ, ನಿಬ್ಬು ಹೋಯ್ತು. ಹೊಸ್ದು ಹಾಕ್ಸವ್ನಿ. ಸವೆಸ್ಬೇಕಂತೆ, ಅದ್ಕೆ..." ಅವನ ಮಾತು ಬೇಗ ಬೇಗ ಬಂತು. "ಬೆಳಗಾಗೋದ್ರೊಳಗೆ ಸವೆಸ್ಕೊಡ್ತೀನಿ. ನೀನು ಓದ್ಕೋ ಹೋಗು."

ಅವಳು ಬೈಯಲಿಲ್ಲ. ಪೆನ್ನು ಈಸಿಕೊಂಡು ಒಂದು ಸಾಲು ಬರೆದು ನೋಡಿದಳು. ನಿಬ್ಬು ಹಾಳೆಯನ್ನು ಕೆರೆಯಿತು. ಕಣ್ಣೊರೆಸಿಕೊಂಡು, ಅವನು ಬರೆದಿದ್ದ ಪುಟಗಳನ್ನು ತಿರುವಿದಳು. ಎಲ್ಲ ಪುಟದಲ್ಲೂ ಅದೇ ಹೆಸರು.

"ಹೆಸ್ರೇ ಬರೀತಿದ್ರೆ ಒಂದೇ ಮಗ್ಲಿಗೆ ಸವೆಯುತ್ತೆ ಅಪ್ಪಾ. ಬೇರೆ ಬೇರೆ ಬರಿ. ಇದನ್ನೇ ನೋಡ್ಕೊಂಡು ಬರಿ" ಎಂದು ಕಂಕುಳಲ್ಲಿದ್ದ ಪಾಠದ ಪುಸ್ತಕವನ್ನು ಬಿಚ್ಚಿ ಗೋದಲಿಯ ಮೇಲಿಟ್ಟಳು.

ರಾಮಾಂಜಿನಪ್ಪ ಪುಸ್ತಕ ನೋಡಿದ. ಓದುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡುವುದು ಅವನಿಗೆ ರೂಢಿ. ಕನ್ನಡಕ ಎನ್ನಬಹುದಿತ್ತು. ಕತ್ತಲಾಯಿತು ಎನ್ನಬಹುದಿತ್ತು. ನಾಳೆ ಹತ್ತು ಗಂಟೆಗೆ ಇವಳು ಬೆಂಚಿನ ಮೇಲೆ ಕೂತು, ಕೆರೆಯುವ ನಿಬ್ಬಿನಲ್ಲಿ, ಪಕ್ಕದವರೆಲ್ಲ ಪುಟ ತಿರುವುತ್ತಿರುವಾಗ ಅರ್ಧ ಸಾಲಿಗೆ ನಿಂತು ಪೆನ್ನು ಒದರುವುದು ಕಣ್ಣಿಗೆ ಕಟ್ಟಿತು.

"ನಂಗೆ ಅದೊಂದೇ ಬರೋದು ಕಣಮ್ಮ" ಎಂದ. "ಹೆಸ್ರೊಂದೇ. ಓದೋಕೂ ಬರಲ್ಲ."

ಎಮ್ಮೆಯ ಸರಪಳಿ ಸದ್ದಾಯಿತು. ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ. ಅವನಿಗೇನೂ ಹಗುರಾಗಲಿಲ್ಲ, ಬೀದಿಯಲ್ಲಿ ಪಂಚೆ ಬಿಚ್ಚಿಹೋದವನಂತೆ ನಾಚಿಕೆಯಾಯಿತು. ಅನುಸೂಯ ಪುಸ್ತಕ ಮುಚ್ಚಿ, ನೋಟುಬುಕ್ಕಿನ ಹೊಸ ಪುಟದಲ್ಲಿ ಒಂದು ಸೊನ್ನೆ ಸುತ್ತಿದಳು, ಅದರ ಪಕ್ಕ ಎಡಕ್ಕೆ ತಿರುಗುವ ಸೊನ್ನೆ, ಆಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆ. "ಹಿಂಗೆ ಸುತ್ತು. ಒತ್ಬ್ಯಾಡ, ಪೆನ್ನಿನ ಭಾರನೇ ಸಾಕು" ಎಂದು ಅವನ ಬೆರಳುಗಳನ್ನು ಪೆನ್ನಿನ ಮೇಲೆ ಸ್ವಲ್ಪ ಹಿಂದಕ್ಕೆ ಸರಿಸಿದಳು. ಅವನು ಸುತ್ತಿದ. ಸೊನ್ನೆ ಸೊಟ್ಟಗಾಯಿತು. ಮತ್ತೆ ಸುತ್ತಿದ. ಅವಳು ಲಾಟೀನು ಹಚ್ಚಿ ತಂದು ಗೂಟಕ್ಕೆ ನೇತುಹಾಕಿದಳು, ಆದರೆ ಹೋಗಲಿಲ್ಲ.

"ಅಪ್ಪಾ," ಎಂದಳು, "ಹಂಗಾದ್ರೆ ಅಕ್ಕನ ಹಾಸ್ಟೆಲ್ ಕಾಗ್ದ ಬಂದಿದ್ದಾಗ ಯಾರು ಓದಿದ್ದು?"

ಇವಳಿಗೆ ಆಗ ಹತ್ತೋ ಹನ್ನೊಂದೋ. ಅಕ್ಕನ ಪಕ್ಕ ಒಲೆ ಮುಂದೆ ಕೂತಿದ್ದಳು. ರಾಮಾಂಜಿನಪ್ಪನ ಕೈಯಲ್ಲಿ ಸೊನ್ನೆ ಅರ್ಧಕ್ಕೆ ನಿಂತಿತು. ಪರೀಕ್ಷೆ ಮುಗೀಲಿ, ಆಮೇಲೆ ಮಾತಾಡೋಣ ಎಂದಿದ್ದರೆ ಆಗುತ್ತಿತ್ತು. ಬುದ್ಧಿಯಿದ್ದ ಯಾವ ತಂದೆಯಾದರೂ ಹಾಗೇ ಅನ್ನುತ್ತಿದ್ದ. ಆದರೆ ಒಂದು ಸಲ ಬಾಯಿ ಬಿಟ್ಟವನಿಗೆ ಇನ್ನು ಮುಚ್ಚಲು ಆಗಲಿಲ್ಲ. ಐದು ವರ್ಷ ಸೊಂಟಕ್ಕೆ ಒತ್ತಿದ್ದ ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಲಾರದೆ ಬಿಚ್ಚಿ, "ಪೆಟ್ಟಿಗ್ಯಾಗೈತೆ. ಹೊಲದ ಪತ್ರದ ತಳದಾಗೆ. ನೀನೇ ನೋಡಮ್ಮ" ಎಂದುಬಿಟ್ಟ. ಅವಳು ಹೋದ ಮೇಲೆ ತಾನು ಮಾಡಿದ್ದೇನು ಎಂದು ಹೊಳೆಯಿತು. ಎದ್ದು ಹೋಗಿ ತಡೆಯಬೇಕು ಅನ್ನಿಸಿತು, ಆದರೆ ಕೂತಲ್ಲೇ ಅರ್ಧಕ್ಕೆ ನಿಂತಿದ್ದ ಸೊನ್ನೆಯನ್ನು ಮುಗಿಸಿದ.

ಅವಳು ಕಾಗದ ಹಿಡಿದು ಬಂದು ಲಾಟೀನಿನ ಕೆಳಗೆ ನಿಂತು ಓದಿದಳು. ಮೊದಲ ಹಾಳೆ. ಎರಡನೇ ಹಾಳೆ. ಮತ್ತೆ ಮೊದಲ ಹಾಳೆಗೆ ಹೋದಳು. ರಾಮಾಂಜಿನಪ್ಪ ಅವಳ ಮುಖ ನೋಡುತ್ತಿದ್ದ, ಹುಬ್ಬು, ಮೂಗಿನ ಹೊಳ್ಳೆ, ತುಟಿಯ ಕೊನೆ. ಅವನಿಗೆ ಅಲ್ಲಿಯೂ ಏನೂ ತಿಳಿಯಲಿಲ್ಲ. ಅವಳು ಹಾಳೆಗಳನ್ನು ಹಿಂದಿನ ಮಡಿಕೆಯಲ್ಲೇ ಮಡಿಸಿದಳು.

"ಸೀಟಿಲ್ಲ ಅಂತಾನೇ ಬರ್ದವ್ರೆ."

"ಎರಡು ಹಾಳೆ ಐತಲ್ಲಮ್ಮ."

"ಹೂಂ."

"ಎರಡೂ ಹಾಳೆಯಾಗೆ ಅಷ್ಟೇನಾ?"

"ಅಷ್ಟೇ."

ಅವಳು ಇವನ ಕಡೆ ನೋಡಲಿಲ್ಲ. ಕಾಗದವನ್ನು ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. "ನಿಜ ಹೇಳಮ್ಮ" ಎಂದ ರಾಮಾಂಜಿನಪ್ಪ. ಅವನ ದನಿ ಅವನಿಗೇ ಯಾರೋ ಮುದುಕನ ದನಿಯಂತೆ ಕೇಳಿತು.

"ನಾಳೆ ಪರೀಕ್ಷೆ ಐತೆ ಅಪ್ಪಾ" ಎಂದಳು ಅನುಸೂಯ. "ನೀನು ಪೆನ್ನು ಸವೆಸು."

ಅವಳು ನಡುಮನೆಗೆ ಹೋದಳು. ಚಾಪೆಯ ಸದ್ದಾಯಿತು, ಪುಸ್ತಕ ಬಿಚ್ಚಿದ ಸದ್ದಾಯಿತು. ರಾಮಾಂಜಿನಪ್ಪ ಹಗುರವಾಗಿ, ಒತ್ತದೆ, ಬಲಕ್ಕೊಂದು ಎಡಕ್ಕೊಂದು ಸೊನ್ನೆ ಸುತ್ತುತ್ತ, ಗೋಡೆಯಾಚೆಯಿಂದ ಅವಳು ಗಟ್ಟಿಯಾಗಿ ಓದುವುದನ್ನು ಕಾದ. ಒಂದು ಪುಟ ತುಂಬಿತು. ಇನ್ನೊಂದು ತುಂಬಿತು. ನಿಬ್ಬು ಈಗ ಅಷ್ಟು ಕೆರೆಯುತ್ತಿರಲಿಲ್ಲ. ಗೋಡೆಯಾಚೆ ಅವಳ ದನಿ ಮಾತ್ರ ಏಳಲಿಲ್ಲ.